ನೆಲಮಾಳಿಗೆಯ ಹಳೆಯ ಕಾಂಕ್ರೀಟು ನೆಲದ ಮೇಲೆ ಟೈಲ್ಸ್ ಹಾಕಿಸುವುದೋ, ವಿನೈಲ್ ಹಾಸುವುದೋ?

ಪ್ರಶ್ನೆ (ತುಮಕೂರಿನಿಂದ)

ಎಲ್ಲರಿಗೂ ನಮಸ್ಕಾರ. ತುಮಕೂರಿನ ನಮ್ಮ ಮನೆಯನ್ನು ತಂದೆಯವರು 1988ರಲ್ಲಿ ಕಟ್ಟಿಸಿದರು. ನಿವೇಶನವು ರಸ್ತೆಗಿಂತ ಐದಾರು ಅಡಿ ತಗ್ಗಿನಲ್ಲಿದ್ದುದರಿಂದ, ಅಷ್ಟೂ ಮಣ್ಣು ತುಂಬಿಸುವ ಬದಲು ಮನೆಯ ಮುಂಭಾಗದ ಕೆಳಗೆ 20 ಅಡಿ ಉದ್ದ, 14 ಅಡಿ ಅಗಲದ ಒಂದು ನೆಲಮಾಳಿಗೆಯನ್ನು ಮಾಡಿಸಿ, ಅದರ ಮುಂದಿನ ಅಂಗಳಕ್ಕೆ ಮಾತ್ರ ಮಣ್ಣು ತುಂಬಿಸಿದ್ದಾರೆ. ಹೀಗಾಗಿ ರಸ್ತೆ ಕಡೆಯ ಗೋಡೆ ಪೂರ್ತಿಯಾಗಿ ಮಣ್ಣಿನೊಳಗಿದೆ. ಹಿತ್ತಿಲಿನ ಕಡೆ ಎರಡು ಸಣ್ಣ ಕಿಟಕಿಗಳಿವೆ. ಗೋಡೆಗಳು ಸೈಜುಗಲ್ಲಿನವು, ನೆಲ ನಾಲ್ಕು ಅಂಗುಲದ ಜಲ್ಲಿ ಕಾಂಕ್ರೀಟು, ಮೇಲೆ ಸಿಮೆಂಟ್ ಹಾಲು ಹಾಕಿ ನುಣ್ಣಗೆ ಉಜ್ಜಿದ್ದಾರೆ.

ಇಷ್ಟು ವರ್ಷ ಅಲ್ಲಿ ಪಂಪ್‌ಸೆಟ್ಟಿನ ಹಳೆಯ ಮೋಟರು, ಪೈಪುಗಳು, ತೋಟದ ಸಾಮಾನು ಇರುತ್ತಿದ್ದವು. ಶಿಕ್ಷಕರಾಗಿ ನಿವೃತ್ತರಾದ ತಂದೆಯವರ ಬಳಿ ಎರಡು ಸಾವಿರಕ್ಕೂ ಹೆಚ್ಚು ಪುಸ್ತಕಗಳಿದ್ದು, ಅವೆಲ್ಲ ಮನೆಯ ಮೂರು ಕೋಣೆಗಳಲ್ಲಿ ಚದುರಿಕೊಂಡಿವೆ. ನೆಲಮಾಳಿಗೆಯನ್ನು ಓದುವ ಕೋಣೆಯಾಗಿ ಮಾಡಿ, ಈ ಸಲದ ದಸರಾ ಸರಸ್ವತಿ ಪೂಜೆಯ ದಿನ ಪುಸ್ತಕಗಳನ್ನು ಅಲ್ಲಿಗೆ ಇಳಿಸಬೇಕೆಂಬುದು ಅವರ ಆಸೆ. ಅವರಿಗೆ ಈಗ ಎಪ್ಪತ್ತೆಂಟು ವರ್ಷ. ಆದ್ದರಿಂದ ಈ ಕೆಲಸವನ್ನು ಮುಂದೂಡಲು ನನಗೆ ಮನಸ್ಸಿಲ್ಲ.

ನೆಲದ ಸ್ಥಿತಿ ಹೀಗಿದೆ. ಒಂದು ಮೂಲೆಯಿಂದ ನಡುವಿನವರೆಗೆ ಓರೆಯಾಗಿ ಕೂದಲೆಳೆಯಂಥ ಬಿರುಕು ಇದೆ. ನೆಲ ಹಿತ್ತಿಲಿನ ಕಡೆಗೆ ಸುಮಾರು ಒಂದೂವರೆ ಅಂಗುಲ ವಾಟವಾಗಿದೆ. ಮೋಟರು ಇಟ್ಟಿದ್ದ ಜಾಗದಲ್ಲಿ ಗ್ರೀಸಿನ ಕಲೆ ಉಳಿದಿದೆ. ರಸ್ತೆ ಕಡೆಯ ಗೋಡೆಯ ಬುಡದಲ್ಲಿ ಬಿಳಿ ಪುಡಿ ಕಾಣಿಸುತ್ತದೆ. ನೀರು ನಿಂತದ್ದನ್ನು ಮಾತ್ರ ನಾವು ಒಮ್ಮೆಯೂ ನೋಡಿಲ್ಲ. ಮಳೆಗಾಲದಲ್ಲಿ ಸ್ವಲ್ಪ ಮುಗ್ಗಲು ವಾಸನೆ ಬರುವುದು ಹೌದು.

ನಮ್ಮ ಗಾರೆ ಮೇಸ್ತ್ರಿಯವರು ಎರಡು ಅಂಗುಲ ಗಾರೆಯ ಬೆಡ್ಡು ಹಾಕಿ ವಿಟ್ರಿಫೈಡ್ ಟೈಲ್ಸ್ ಕೂರಿಸೋಣ ಎನ್ನುತ್ತಾರೆ. ಬೆಂಗಳೂರಿನ ಒಂದು ಅಂಗಡಿಯವರು ವಿನೈಲ್ (ಒಂದು ಬಗೆಯ ಪ್ಲಾಸ್ಟಿಕ್) ಹಲಗೆಗಳನ್ನು ಒಂದೇ ದಿನದಲ್ಲಿ ಹಾಸಿ ಕೊಡುವುದಾಗಿ ಹೇಳಿದ್ದಾರೆ. ನನ್ನ ಭಾವನವರು ಎಪಾಕ್ಸಿ ಬಣ್ಣ ಬಳಿದರೆ ಸಾಕು ಎನ್ನುತ್ತಾರೆ. ಚಾವಣಿಯ ಎತ್ತರ 7 ಅಡಿ 9 ಅಂಗುಲ ಮಾತ್ರ. ಇವುಗಳಲ್ಲಿ ಯಾವುದು ಸರಿ, ಹಳೆಯ ಕಾಂಕ್ರೀಟನ್ನು ಒಡೆಯಲೇಬೇಕೇ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಸಿವಿಲ್ ಎಂಜಿನಿಯರ್, ತುಮಕೂರು)

ಗೋಡೆಯ ಬುಡದ ಬಿಳಿ ಪುಡಿಯನ್ನು ನೀವು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಾನು ಅಲ್ಲಿಯೇ ನಿಲ್ಲುತ್ತೇನೆ, ಏಕೆಂದರೆ ನಿಮ್ಮ ಉಳಿದ ಎಲ್ಲ ಪ್ರಶ್ನೆಗಳ ಉತ್ತರ ಅದನ್ನು ಅವಲಂಬಿಸಿದೆ.

ಆ ಪುಡಿ ಉಪ್ಪು. ಮಣ್ಣಿನಲ್ಲಿರುವ ನೀರು ಕಲ್ಲಿನ ಸಂದುಗಳ ಗಾರೆಯ ಮೂಲಕವೂ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕವೂ, ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವ ಹಾಗೆ, ಒಳಗೆ ಬರುತ್ತದೆ. ಬರುವಾಗ ಸುಣ್ಣವನ್ನೂ ಇತರ ಲವಣಗಳನ್ನೂ ಕರಗಿಸಿಕೊಂಡು ತರುತ್ತದೆ. ಮೇಲ್ಮೈಗೆ ಬಂದ ಮೇಲೆ ನೀರು ಆವಿಯಾಗಿ ಹೋಗಿ ಲವಣ ಉಳಿಯುತ್ತದೆ. ನೀರು ನಿಂತದ್ದನ್ನು ನೀವು ನೋಡದಿರುವುದಕ್ಕೆ ಕಾರಣ, ನೆಲ ಬೋಳಾಗಿದ್ದು, ಬಂದ ತೇವ ಬಂದ ಹಾಗೆಯೇ ಆರಿಹೋಗುತ್ತಿರುವುದು. ಅದರ ಮೇಲೆ ಗಾಳಿಯಾಡದ ಹೊದಿಕೆಯನ್ನು ಹಾಸಿದ ದಿನದಿಂದ ಆ ತೇವಕ್ಕೆ ಹೋಗಲು ದಾರಿ ಇರುವುದಿಲ್ಲ. ಅಂಟಿಸುವ ವಿನೈಲ್‌ನ ಅಂಟು ಕಾಂಕ್ರೀಟಿನ ಕ್ಷಾರದ ತೇವಕ್ಕೆ ಮೆತ್ತಗಾಗುತ್ತದೆ. ಎಪಾಕ್ಸಿ ಪದರ ಗುಳ್ಳೆಗಳಾಗಿ ಏಳುತ್ತದೆ. ಒತ್ತಿದ ಮರದ ಪುಡಿಯಿಂದ ಮಾಡಿದ ಲ್ಯಾಮಿನೇಟ್ ಹಲಗೆಗಳಂತೂ ಉಬ್ಬಿಹೋಗುತ್ತವೆ, ಜೊತೆಗೆ ನಮ್ಮ ಕೆಂಪು ಮಣ್ಣಿನಲ್ಲಿ ಗೆದ್ದಲಿನ ಭಯವೂ ಇದೆ. 1988ರಲ್ಲಿ ನಮ್ಮ ಕಡೆ ಮನೆಗಳ ನೆಲದ ಕಾಂಕ್ರೀಟಿನ ಕೆಳಗೆ ಪಾಲಿಥೀನ್ ಹಾಳೆ ಹಾಸುವ ರೂಢಿ ಇರಲಿಲ್ಲ. ನಿಮ್ಮ ನೆಲದ ಕೆಳಗೂ ಇರಲಾರದು.

ಆದ್ದರಿಂದ ಮೊದಲು ಒಂದು ಪರೀಕ್ಷೆ ಮಾಡಿ. ದಪ್ಪನೆಯ ಪಾರದರ್ಶಕ ಪಾಲಿಥೀನ್ ಹಾಳೆಯನ್ನು 18 ಅಂಗುಲ ಚೌಕವಾಗಿ ಕತ್ತರಿಸಿ, ನೆಲವನ್ನು ಗುಡಿಸಿ ಒರೆಸಿ ಆರಿದ ಮೇಲೆ, ನಾಲ್ಕು ಅಂಚುಗಳನ್ನೂ ಸಂದಿಲ್ಲದಂತೆ ಟೇಪಿನಿಂದ ಅಂಟಿಸಿ. ರಸ್ತೆ ಕಡೆಯ ಗೋಡೆಯ ಬಳಿ ಒಂದು, ನಡುವೆ ಒಂದು, ಹಿತ್ತಿಲಿನ ಕಡೆ ಒಂದು, ಬಿರುಕಿನ ಮೇಲೆ ಒಂದು ಇರಲಿ. ಕನಿಷ್ಠ 16 ಗಂಟೆ ಬಿಡಬೇಕೆಂದು ಎಎಸ್‌ಟಿಎಂ ಡಿ 4263 ಎಂಬ ಅಮೆರಿಕದ ಪರೀಕ್ಷಾ ಪದ್ಧತಿ ಹೇಳುತ್ತದೆ. ನಾನು ಎರಡು ಹಗಲು ಎರಡು ರಾತ್ರಿ ಬಿಡುತ್ತೇನೆ. ತೆಗೆದಾಗ ಹಾಳೆಯ ಒಳಮೈಯಲ್ಲಿ ಹನಿಗಳಿದ್ದರೆ ಅಥವಾ ಕಾಂಕ್ರೀಟು ಕಪ್ಪಾಗಿದ್ದರೆ ತೇವ ನೆಲದಿಂದ ಬರುತ್ತಿದೆ. ಹನಿಗಳು ಹಾಳೆಯ ಹೊರಮೈಯಲ್ಲಿ ಮಾತ್ರ ಇದ್ದರೆ, ಹೊರಗಿನ ತೇವದ ಗಾಳಿ ತಣ್ಣನೆಯ ನೆಲಕ್ಕೆ ತಾಗಿ ಬೆವರಿದೆ ಎಂದರ್ಥ. ಅದಕ್ಕೆ ಗಾಳಿ ಸಂಚಾರದ ಏರ್ಪಾಡೇ ಮದ್ದು, ನೆಲಕ್ಕೆ ಎಷ್ಟು ಖರ್ಚು ಮಾಡಿದರೂ ಹೋಗುವುದಿಲ್ಲ.

ಈ ಪರೀಕ್ಷೆಗೆ ಒಂದು ಮಿತಿ ಇದೆ. ಹಾಳೆ ಒಣಗಿದ್ದ ಮಾತ್ರಕ್ಕೆ ನೆಲ ವರ್ಷವಿಡೀ ಒಣಗಿರುತ್ತದೆ ಎಂದು ಹೇಳುವಂತಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಮಳೆ ಹೆಚ್ಚಾಗಿ ಸುರಿಯುವುದು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ. ಉತ್ತರೆ, ಹಸ್ತ, ಚಿತ್ತಾ ಮಳೆಗಳು ಮಣ್ಣಿಗೆ ಇಳಿದು, ಆ ತೇವ ಗೋಡೆಯ ಆಳಕ್ಕೆ ತಲುಪಲು ಇನ್ನೂ ಕೆಲವು ವಾರ ಹಿಡಿಯುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಪರೀಕ್ಷಿಸಿ ಒಣಗಿದೆ ಎಂದು ನಂಬಿ ಹಾಸಿದ ನೆಲಗಳು ನವೆಂಬರಿನಲ್ಲಿ ಕೆಡುವುದನ್ನು ನಾನು ಹಲವು ಸಲ ನೋಡಿದ್ದೇನೆ. ಪುಸ್ತಕಗಳ ಕೋಣೆಯಾದ್ದರಿಂದ ಹೇಳುತ್ತಿದ್ದೇನೆ: ದಸರಾದ ಗಡುವನ್ನು ತಂದೆಯವರ ಒಪ್ಪಿಗೆ ಪಡೆದು ಬಿಡುವುದು ಒಳ್ಳೆಯದು. ಚಿತ್ತಾ ಮಳೆ ಕಳೆದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ ತೀರ್ಮಾನಿಸಿ.

ಇನ್ನು ನೀರಿನ ಮೂಲ. ಅಂಗಳದಲ್ಲಿ ಸಂಪು ಇದೆಯೇ ಎಂದು ನೀವು ಬರೆದಿಲ್ಲ. ಇದ್ದರೆ, ಅದು ರಸ್ತೆ ಮತ್ತು ಈ ಗೋಡೆಯ ನಡುವೆ ಇರಬೇಕು. ಮಳೆಗಾಲದಲ್ಲಿ ಮಾತ್ರ ಬರುವ ತೇವವನ್ನು ಅಂಗಳದ ವಾಟ ಸರಿಪಡಿಸಿ, ಚಾವಣಿಯ ಮಳೆನೀರಿನ ಕೊಳವೆಯನ್ನು ದೂರಕ್ಕೆ ಒಯ್ದು ಬಹುಮಟ್ಟಿಗೆ ತಗ್ಗಿಸಬಹುದು. ಸೋರುವ ಸಂಪು ಮಾತ್ರ ಬೇಸಿಗೆಯಲ್ಲೂ ಗೋಡೆಗೆ ನೀರುಣಿಸುತ್ತದೆ. ರಾತ್ರಿ ಸಂಪನ್ನು ತುಂಬಿಸಿ, ಒಳಬರುವ ನಲ್ಲಿಯನ್ನೂ ಮೋಟರನ್ನೂ ನಿಲ್ಲಿಸಿ, ನೀರಿನ ಮಟ್ಟವನ್ನು ಅಳತೆ ಕೋಲಿನಿಂದ ಗುರುತಿಸಿ, ಬೆಳಿಗ್ಗೆ ಮತ್ತೆ ಅಳೆಯಿರಿ. 8 ಅಡಿಗೆ 6 ಅಡಿಯ ಸಂಪಿನಲ್ಲಿ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ ಸುಮಾರು 45 ಲೀಟರ್ ನೀರು ಹೋಗಿದೆ ಎಂದು ಲೆಕ್ಕ. ಮುಚ್ಚಳ ಮುಚ್ಚಿದ ಸಂಪಿನಲ್ಲಿ ಒಂದು ರಾತ್ರಿಗೆ ಅಷ್ಟು ನೀರು ಆವಿಯಾಗುವುದಿಲ್ಲ.

ಹಳೆಯ ಕಾಂಕ್ರೀಟು ಗಟ್ಟಿಯಾಗಿದ್ದರೆ ಒಡೆಯಬೇಕಾಗಿಲ್ಲ. ಬಿರುಕಿನ ಎರಡು ಬದಿಗಳ ಮಟ್ಟ ಒಂದೇ ಇದೆಯೇ ಎಂದು ಬೆರಳಾಡಿಸಿ ನೋಡಿ. ಒಂದು ಬದಿ ಎದ್ದು ಇನ್ನೊಂದು ಕುಸಿದಿದ್ದರೆ ಕೆಳಗಿನ ಮಣ್ಣು ಕೂತಿದೆ ಎಂದರ್ಥ, ಆಗ ವಿಷಯವೇ ಬೇರೆ. ಮಟ್ಟ ಒಂದೇ ಇದ್ದರೆ, ಬಿರುಕಿಗೆ ಅಡ್ಡವಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ತೆಳುವಾದ ಪಟ್ಟಿ ಬಳಿದು ದಿನಾಂಕ ಬರೆದಿಡಿ. ಎರಡು ಮೂರು ತಿಂಗಳಲ್ಲಿ ಅದು ಸೀಳದಿದ್ದರೆ ಬಿರುಕು ಬೆಳೆಯುತ್ತಿಲ್ಲ.

ಉತ್ತರ 2 (ಗೃಹಿಣಿ, ಕೋಲಾರ)

ಎಂಜಿನಿಯರ್ ಸಾಹೇಬರು ಹೇಳಿದ್ದು ನಮ್ಮ ಮನೆಯಲ್ಲೇ ಆಗಿದೆ, ಆದ್ದರಿಂದ ಬರೆಯುತ್ತಿದ್ದೇನೆ. ಕೋಲಾರದ ನಮ್ಮ ಮನೆಯ ಕೆಳಗಿನ ಕೋಣೆ ಇಪ್ಪತ್ತು ವರ್ಷ ಒಣಗಿಯೇ ಇತ್ತು. ಆ ದಿನಗಳಲ್ಲಿ ಇಲ್ಲಿ ಸಾವಿರ ಅಡಿ ಕೊರೆದರೂ ಕೊಳವೆ ಬಾವಿಯಲ್ಲಿ ನೀರು ಸಿಗುವುದು ಖಾತರಿ ಇರಲಿಲ್ಲ. ನೆಲಮಾಳಿಗೆಗೆ ತೇವ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾವು ನಂಬುತ್ತಿರಲಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು, ಎಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ನಮ್ಮ ಜಿಲ್ಲೆಯ ಕೆರೆಗಳಿಗೆ ಬರತೊಡಗಿತು. 2021ರ ಮಳೆಗಾಲದ ಕೊನೆಯಲ್ಲಿ, ನವೆಂಬರಿನಲ್ಲಿ, ಬಹಳ ಮಳೆಯಾಯಿತು. ನಮ್ಮ ಬೀದಿಯ ತೆರೆದ ಬಾವಿಯಲ್ಲಿ ಎಷ್ಟೋ ವರ್ಷಗಳ ನಂತರ ನೀರು ಕಂಡಿತು. ನಮಗೆಲ್ಲ ಅದು ಸಂತೋಷದ ಸಂಗತಿಯೇ ಆಗಿತ್ತು.

ನಾವು ಅದೇ ವರ್ಷದ ಫೆಬ್ರವರಿಯಲ್ಲಿ ಕೆಳಗಿನ ಕೋಣೆಗೆ ಅಂಟಿಸುವ ವಿನೈಲ್ ಹಾಕಿಸಿದ್ದೆವು. ಅಂಗಡಿಯವರು ನೆಲವನ್ನು ಪರೀಕ್ಷಿಸಲಿಲ್ಲ, ನಾವೂ ಕೇಳಲಿಲ್ಲ. ಡಿಸೆಂಬರಿನ ಹೊತ್ತಿಗೆ ಗೋಡೆಯ ಬದಿಯ ಅಂಚುಗಳು ಮೇಲೆದ್ದವು. ಒಂದು ಹಾಳೆಯನ್ನು ಎಬ್ಬಿಸಿ ನೋಡಿದರೆ ಅಂಟು ಅಂಬಲಿಯ ಹಾಗೆ ಆಗಿತ್ತು, ಕೆಳಗೆ ಕಪ್ಪು ಬೂಷ್ಟು ಹಬ್ಬಿತ್ತು. ನನ್ನ ಮಗಳಿಗೆ ಉಬ್ಬಸ ಇದೆ. ಆ ಕೋಣೆಯಲ್ಲಿ ಓದಲು ಕೂತ ದಿನಗಳಲ್ಲೆಲ್ಲ ಅವಳಿಗೆ ಕೆಮ್ಮು ಹೆಚ್ಚಾಗುತ್ತಿದ್ದುದು ಏಕೆಂದು ನಮಗೆ ಆಗ ಹೊಳೆಯಿತು. ಎಲ್ಲವನ್ನೂ ಕಿತ್ತು ಹಾಕಿ, ಅಂಟನ್ನು ಕೆರೆಯಲು ಹತ್ತು ದಿನ ಬೇಕಾಯಿತು.

ನಿಮ್ಮ ತಂದೆಯವರ ಪುಸ್ತಕಗಳ ವಿಷಯದಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಈವರೆಗೆ ನೀರು ನೋಡಿಲ್ಲ ಎಂಬ ಮಾತನ್ನು ನಾವೂ ಹೇಳುತ್ತಿದ್ದೆವು. ಸುತ್ತಲಿನ ಕೆರೆ ಬಾವಿಗಳ ಸ್ಥಿತಿ ಬದಲಾದಾಗ ಮನೆಯ ಕೆಳಗಿನ ಮಣ್ಣೂ ಬದಲಾಗುತ್ತದೆ. ನೀವಿರುವ ಜಾಗ ಅಮಾನಿಕೆರೆಗೆ ಹತ್ತಿರವಿದ್ದರೆ ಇದನ್ನು ವಿಶೇಷವಾಗಿ ಗಮನಿಸಬೇಕು.

ಉತ್ತರ 3 (ಟೈಲ್ಸ್ ಕೆಲಸದ ಗುತ್ತಿಗೆದಾರ, ಚಿಕ್ಕಬಳ್ಳಾಪುರ)

ತೇವದ ವಿಚಾರ ಮೇಲಿನವರು ಹೇಳಿದ್ದಾರೆ. ತೇವ ಹತೋಟಿಗೆ ಬಂದ ಮೇಲೆ ನಾನಾಗಿದ್ದರೆ ಟೈಲ್ಸನ್ನೇ ಹಾಕುತ್ತೇನೆ, ಏಕೆಂದರೆ ಅಲ್ಪಸ್ವಲ್ಪ ತೇವ ಉಳಿದರೂ ಟೈಲ್ಸ್ ಕೊಳೆಯುವುದಿಲ್ಲ. ಆದರೆ ಎರಡು ಅಂಗುಲ ಬೆಡ್ಡು ಬೇಡ. ಅದರಿಂದ ಚಾವಣಿಯ ಎತ್ತರ ಕಡಿಮೆಯಾಗುವುದಲ್ಲದೆ, ಮೆಟ್ಟಿಲಿನ ಕೊನೆಯ ಹಂತ ಎರಡೂವರೆ ಅಂಗುಲ ಗಿಡ್ಡವಾಗುತ್ತದೆ. ಉಳಿದ ಮೆಟ್ಟಿಲುಗಳೆಲ್ಲ ಒಂದೇ ಎತ್ತರ ಇದ್ದು ಕೊನೆಯದು ಮಾತ್ರ ಬೇರೆಯಾದರೆ ಕಾಲು ತಪ್ಪುತ್ತದೆ. ನಿಮ್ಮ ತಂದೆಯವರು ಕೈಯಲ್ಲಿ ಪುಸ್ತಕ ಹಿಡಿದು ಇಳಿಯುವವರು. ಇದನ್ನು ಸಣ್ಣದೆಂದು ತಿಳಿಯಬೇಡಿ.

ಮೊದಲು ಸುತ್ತಿಗೆಯ ಹಿಡಿಯಿಂದ ಅಡಿ ಅಡಿಗೂ ನೆಲವನ್ನು ತಟ್ಟಿ ಕೇಳಿ. ಟೊಳ್ಳು ಸದ್ದು ಬಂದ ಕಡೆಯೆಲ್ಲ ಮೇಲಿನ ಸಿಮೆಂಟ್ ಪದರ ಬಿಟ್ಟುಕೊಂಡಿದೆ. ಸೀಮೆಸುಣ್ಣದಿಂದ ಗುರುತು ಹಾಕಿ, ಅಷ್ಟನ್ನು ಮಾತ್ರ ಕಿತ್ತು ತುಂಬಿಸಿ. ಬಳಿಕ ನೆಲದ ಮೇಲೆ ಅಲ್ಲಲ್ಲಿ ನೀರಿನ ಹನಿ ಹಾಕಿ ನೋಡಿ. ಹನಿ ಇಂಗಿದರೆ ಸರಿ. ಮುತ್ತಿನಂತೆ ನಿಂತರೆ ಅಲ್ಲಿ ಗ್ರೀಸು ಇದೆ, ಅಥವಾ ಮೇಲ್ಮೈ ತೀರಾ ನುಣುಪಾಗಿದೆ. ಹಾಗಿರುವಲ್ಲಿ ಯಾವ ಅಂಟೂ ಹಿಡಿಯುವುದಿಲ್ಲ. ಗ್ರೀಸಿನ ಜಾಗವನ್ನು ಕೆತ್ತಿ ತೆಗೆಯುವುದೇ ಲೇಸು. ಉಳಿದ ನೆಲವನ್ನು ಗ್ರೈಂಡರಿನಿಂದ ಒರಟು ಮಾಡಬೇಕು. ಆ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು, ಕೆಲಸದವರಿಗೆ ಒಳ್ಳೆಯ ಮಾಸ್ಕು ಕೊಡಿಸಿ, ಕಿಟಕಿಗಳು ತೆರೆದಿರಲಿ.

ಒಂದೂವರೆ ಅಂಗುಲದ ವಾಟವನ್ನು ಪೂರ್ತಿ ಮಟ್ಟ ಮಾಡಬೇಕೆಂದು ನನಗನಿಸುವುದಿಲ್ಲ. 14 ಅಡಿಗೆ ಒಂದೂವರೆ ಅಂಗುಲವೆಂದರೆ ನೂರಕ್ಕೆ ಒಂದರ ಹತ್ತಿರದ ಇಳಿಜಾರು. ನಡೆಯುವವರಿಗೆ ಅದು ತಿಳಿಯುವುದೂ ಇಲ್ಲ, ಎಂದಾದರೂ ನೀರು ಬಂದರೆ ಹಿತ್ತಿಲಿನ ಕಡೆಗೆ ಹೋಗುತ್ತದೆ. ಪುಸ್ತಕದ ಕಪಾಟುಗಳ ಕಾಲಿನ ಕೆಳಗೆ ಕಲ್ಲಿನ ತುಂಡು ಕೊಟ್ಟು ಮಟ್ಟ ಮಾಡಿಕೊಳ್ಳಬಹುದು. ಉಬ್ಬು ತಗ್ಗು ಮಾತ್ರ ಇರಬಾರದು. ಎರಡು ಮೀಟರಿನ ನೇರ ಪಟ್ಟಿ ಇಟ್ಟು ನೋಡಿದಾಗ ಕೆಳಗೆ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಕಂಡರೆ ಅಲ್ಲಿ ಮೊದಲು ತುಂಬಿಸಬೇಕು.

ವಿಟ್ರಿಫೈಡ್ ಟೈಲ್ಸ್ ನೀರು ಕುಡಿಯುವುದು ಶೇಕಡಾ ಅರ್ಧಕ್ಕಿಂತ ಕಡಿಮೆ. ಹೀಗಾಗಿ ಬರಿಯ ಸಿಮೆಂಟ್ ಹಾಲು ಅದನ್ನು ಹಿಡಿದುಕೊಳ್ಳುವುದಿಲ್ಲ. ಪಾಲಿಮರ್ ಬೆರೆತ ಟೈಲ್ ಅಂಟು ಬೇಕು. ಚೀಲದ ಮೇಲೆ ಐಎಸ್ 15477 ಎಂಬ ಭಾರತೀಯ ಮಾನಕದ ಸಂಖ್ಯೆಯನ್ನೂ, ವಿಟ್ರಿಫೈಡ್‌ಗೆ ಒಪ್ಪುವ ದರ್ಜೆಯನ್ನೂ ನೋಡಿ ಕೊಳ್ಳಿ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಎಂದು ಮುದ್ದೆ ಮುದ್ದೆಯಾಗಿ ಅಂಟು ಇಡುವ ಅಭ್ಯಾಸ ನಮ್ಮ ಕೆಲಸದವರಲ್ಲಿ ಇನ್ನೂ ಇದೆ, ಅದನ್ನು ಒಪ್ಪಬೇಡಿ. ನಡುವಿನ ಟೊಳ್ಳಿನಲ್ಲಿ ತೇವ ಕೂರುತ್ತದೆ, ಭಾರದ ಕಪಾಟು ಇಟ್ಟಾಗ ಟೈಲ್ ಸೀಳುತ್ತದೆ. ಹಲ್ಲಿನ ಕರಣೆಯಿಂದ ನೆಲದ ಮೇಲೆ ಸಾಲು ಸಾಲಾಗಿ ಅಂಟು ಎಳೆದು, ಟೈಲಿನ ಬೆನ್ನಿಗೂ ತೆಳುವಾಗಿ ಬಳಿದು ಕೂರಿಸಬೇಕು. ಆಗಾಗ ಒಂದು ಟೈಲನ್ನು ಎತ್ತಿ ನೋಡಿ, ಬೆನ್ನಿನ ತುಂಬ ಅಂಟು ಹಿಡಿದಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಗೋಡೆಯ ಸುತ್ತ 6 ಮಿಲಿಮೀಟರ್ ಸಂದು ಬಿಡಬೇಕು. ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ.

280 ಚದರ ಅಡಿಗೆ ಎರಡಡಿ ಚೌಕದ ಟೈಲ್ಸ್, ನಾಲ್ಕರ ಪೆಟ್ಟಿಗೆಯಲ್ಲಿ, ಒಡೆಯುವುದನ್ನೂ ಕತ್ತರಿಸುವುದನ್ನೂ ಸೇರಿಸಿ 20 ಪೆಟ್ಟಿಗೆ ಬೇಕಾಗುತ್ತದೆ. 20 ಕಿಲೋ ಅಂಟಿನ ಚೀಲ ಸುಮಾರು 50 ಚದರ ಅಡಿಗೆ ಬರುತ್ತದೆ. ಹೊಳಪಿನ ಟೈಲ್ಸ್ ಬೇಡ, ಮ್ಯಾಟ್ ತೆಗೆದುಕೊಳ್ಳಿ. ತೇವದ ದಿನಗಳಲ್ಲಿ ವಯಸ್ಸಾದವರ ಕಾಲು ಜಾರಬಾರದು.

ಪ್ರಶ್ನೆ ಕೇಳಿದವರು (ಮೂರು ವಾರಗಳ ನಂತರ)

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಕೋಲಾರದ ಅಕ್ಕನವರು ಬರೆದದ್ದನ್ನು ತಂದೆಯವರಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ಸಲದ ಸರಸ್ವತಿ ಪೂಜೆಯನ್ನು ಪುಸ್ತಕಗಳು ಈಗಿರುವ ಜಾಗದಲ್ಲಿಯೇ ಮಾಡೋಣ ಎಂದರು. ಅಲ್ಲಿಗೆ ಗಡುವಿನ ಚಿಂತೆ ಕಳೆಯಿತು.

ನಾಲ್ಕು ಕಡೆ ಹಾಳೆ ಅಂಟಿಸಿ ಎರಡು ದಿನ ಬಿಟ್ಟೆವು. ಹಿತ್ತಿಲಿನ ಕಡೆಯ ಹಾಳೆ ಪೂರ್ತಿ ಒಣಗಿತ್ತು. ನಡುವಿನದರಲ್ಲಿ ಮತ್ತು ಬಿರುಕಿನ ಮೇಲಿನದರಲ್ಲಿ ಮಸುಕು ಮಸುಕಾಗಿ ಆವಿ ಕಟ್ಟಿತ್ತು. ರಸ್ತೆ ಕಡೆಯದರ ಒಳಮೈಯಲ್ಲಿ ಹನಿಗಳು ಸಾಲಾಗಿದ್ದವು, ಕೆಳಗಿನ ಕಾಂಕ್ರೀಟು ಕಡುಬೂದಿ ಬಣ್ಣಕ್ಕೆ ತಿರುಗಿತ್ತು. ಎಂಜಿನಿಯರ್ ಸರ್ ಊಹಿಸಿದಂತೆ ಅಂಗಳದಲ್ಲಿ ಸಂಪು ಇದೆ. ನೆಲಮಾಳಿಗೆಯ ಗೋಡೆಗೂ ಅದಕ್ಕೂ ನಡುವೆ ಮೂರಡಿ ಮಣ್ಣು ಮಾತ್ರ. ಅದರ ಅಳತೆಯೂ 8 ಅಡಿಗೆ 6 ಅಡಿ. ಮೂರು ರಾತ್ರಿ ಹತ್ತು ಹತ್ತು ಗಂಟೆ ನೀರಿನ ಮಟ್ಟವನ್ನು ಅಳೆದೆವು. ಪ್ರತಿ ರಾತ್ರಿಯೂ 6 ಮಿಲಿಮೀಟರ್ ಇಳಿಯಿತು, ಎಂದರೆ ಸುಮಾರು 27 ಲೀಟರ್. ಮೂವತ್ತೈದು ವರ್ಷಕ್ಕೂ ಹಳೆಯ ಸಂಪು. ಒಳಗೆ ಇಳಿದು ನೋಡಿದ ಮೇಸ್ತ್ರಿಯವರು ತಳ ಮತ್ತು ಗೋಡೆ ಸೇರುವ ಮೂಲೆಯಲ್ಲಿ ಗಾರೆ ಬಿಟ್ಟಿರುವುದನ್ನು ತೋರಿಸಿದರು.

ನೆಲವನ್ನು ತಟ್ಟಿ ನೋಡಿದಾಗ ಮೆಟ್ಟಿಲಿನ ಬಳಿ ಸುಮಾರು ಹತ್ತು ಚದರ ಅಡಿ ಟೊಳ್ಳು ಸಿಕ್ಕಿತು. ಬಿರುಕಿನ ಎರಡು ಬದಿ ಒಂದೇ ಮಟ್ಟದಲ್ಲಿವೆ. ಪ್ಲಾಸ್ಟರ್ ಪಟ್ಟಿ ಬಳಿದು ದಿನಾಂಕ ಬರೆದಿದ್ದೇವೆ. ಈಗ ನನ್ನ ಪ್ರಶ್ನೆ ಎರಡೇ. ಸಂಪಿಗೆ ಒಳಗಿನಿಂದ ಏನು ಮಾಡಿಸಬೇಕು? ನೆಲಮಾಳಿಗೆಯ ಗೋಡೆಗೂ ಒಳಗಿನಿಂದ ಲೇಪ ಬೇಕೇ?

ಉತ್ತರ 1 ಬರೆದವರು

ಗಂಟೆಗೆ ಎರಡೂ ಮುಕ್ಕಾಲು ಲೀಟರಿನಂತೆ, ಸಂಪು ತುಂಬಿರುವ ದಿನ 65 ಲೀಟರಿನಷ್ಟು ನೀರು ಆ ಮೂರಡಿ ಮಣ್ಣಿಗೆ ಸೇರುತ್ತಿದೆ. ನಿಮ್ಮ ಬಿಳಿ ಪುಡಿಯ ಮುಖ್ಯ ಕಾರಣ ಅದೇ ಎಂದು ನಾನು ನಂಬುತ್ತೇನೆ.

ಸಂಪನ್ನು ಖಾಲಿ ಮಾಡಿಸಿ, ಬಿಟ್ಟಿರುವ ಗಾರೆಯನ್ನೆಲ್ಲ ಕೆತ್ತಿಸಿ, ಗೋಡೆ ಮತ್ತು ತಳ ಸೇರುವ ಮೂಲೆಗಳನ್ನು ಹೊಸ ಗಾರೆಯಿಂದ ಓರೆಯಾಗಿ ತುಂಬಿಸಿ. ನಂತರ ಕುಡಿಯುವ ನೀರಿನ ತೊಟ್ಟಿಗೆ ಬಳಸಬಹುದೆಂದು ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದಿರುವ, ಸಿಮೆಂಟ್ ಪುಡಿ ಮತ್ತು ಪಾಲಿಮರ್ ದ್ರವ ಬೆರೆಸಿ ಬಳಿಯುವ ಲೇಪವನ್ನು ಎರಡು ಸಲ, ಒಂದು ಅಡ್ಡಕ್ಕೆ ಒಂದು ಉದ್ದಕ್ಕೆ, ಹಾಕಿಸಿ. ಸಂಪಿನೊಳಗೆ ಒಬ್ಬರನ್ನೇ ಇಳಿಸಬೇಡಿ. ಮುಚ್ಚಳ ತೆರೆದು ಸಾಕಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ಮೇಲೆ ಒಬ್ಬರು ನಿಂತಿರುವಾಗಲೇ ಕೆಲಸ ನಡೆಯಲಿ.

ನೆಲಮಾಳಿಗೆಯ ಗೋಡೆಗೆ ಒಳಗಿನಿಂದ ಲೇಪವನ್ನು ಈಗಲೇ ಹಾಕಿಸಬೇಡಿ. ನೀರು ಬರುವ ಬದಿಯಲ್ಲಿ ತಡೆಯದೆ ಒಳಬದಿಯಲ್ಲಿ ಬಣ್ಣದಂಥ ಪದರ ಬಳಿದರೆ, ಹಿಂದಿನಿಂದ ಬರುವ ನೀರು ಅದನ್ನೇ ತಳ್ಳಿ ಬೀಳಿಸುತ್ತದೆ. ಬಿಳಿ ಪುಡಿಯನ್ನು ಒಣಗಿದ ಬ್ರಷ್ಷಿನಿಂದ ಉಜ್ಜಿ ಗುಡಿಸಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಸಂಪು ದುರಸ್ತಿಯಾದ ಮೇಲೆ ತುಂಬಿಸಿ, ಮೊದಲ ಎರಡು ದಿನ ಹೊಸ ಗಾರೆ ನೀರು ಕುಡಿಯುವುದರಿಂದ ಅವನ್ನು ಬಿಟ್ಟು, ಮೂರನೆಯ ರಾತ್ರಿಯಿಂದ ಮತ್ತೆ ಮೂರು ರಾತ್ರಿ ಅಳೆಯಿರಿ. ಮಟ್ಟ ಇಳಿಯದಿದ್ದರೆ, ನವೆಂಬರ್ ಮಧ್ಯದಲ್ಲಿ ಅದೇ ನಾಲ್ಕು ಜಾಗಗಳಲ್ಲಿ ಹಾಳೆ ಅಂಟಿಸಿ. ಆಗ ರಸ್ತೆ ಕಡೆಯ ಹಾಳೆಯ ಒಳಗೆ ಹನಿ ಕಾಣದಿದ್ದರೆ ಚಿಕ್ಕಬಳ್ಳಾಪುರದವರು ಹೇಳಿದ ಕ್ರಮದಲ್ಲಿ ಟೈಲ್ಸ್ ಕೆಲಸ ಆರಂಭಿಸಬಹುದು. ಹನಿ ಕಂಡರೆ ಗೋಡೆಯ ಹೊರಗಿನ ಮೂರಡಿ ಮಣ್ಣನ್ನು ಅಗೆದು, ಹೊರಮೈಗೆ ಗಾರೆ ಮತ್ತು ಲೇಪ ಮಾಡಿಸಬೇಕಾಗುತ್ತದೆ. ಆ ಸಂದರ್ಭ ಬಂದರೆ ಹಾಳೆಯ ಚಿತ್ರಗಳೊಂದಿಗೆ ಇಲ್ಲಿ ಮತ್ತೆ ಬರೆಯಿರಿ, ಅಗೆಯುವ ಮೊದಲು ನಾನೇ ಬಂದು ಗೋಡೆಯನ್ನು ನೋಡುತ್ತೇನೆ.